ಈ ಕೋಡು ಯಾವುದರದ್ರಿ, ಮೇಡಂ?

ದನದ ಡಾಕ್ಟರ ಹತ್ತಿರ ಜನ ದನ ಹೊಡೆದುಕೊಂಡು ಬರಬೇಕು. ನನ್ನ ಹತ್ತಿರ ಬರೇ ಕೊಂಬು ಹಿಡಿದುಕೊಂಡು ಬರುತ್ತಾರೆ. ಅದರ ಹಿಂದಿನ ಪ್ರಾಣಿ ಯಾವುದು, ಬದುಕಿದೆಯೋ ಸತ್ತಿದೆಯೋ, ಅಸಲಿಗೆ ಇತ್ತೋ ಇಲ್ಲವೋ, ಅದನ್ನೆಲ್ಲ ನಾನೇ ಹೇಳಬೇಕು. ಒಂದು ಮುಗಿಯಿತು ಅಂತ ಕೈ ತೊಳೆದುಕೊಳ್ಳುವಷ್ಟರಲ್ಲಿ ಇನ್ನೊಂದು ಬಾಗಿಲಿಗೆ ಬಂದು ನಿಂತಿರುತ್ತದೆ.

ಸರಕಾರಿ ಪಶು ಆಸ್ಪತ್ರೆಗೆ ಸೇರಿದ ಹೊಸದರಲ್ಲಿ ಒಂದು ಆದೇಶ ಬಂತು. ಕಾಡುಪ್ರಾಣಿಗಳ ಕೊಂಬು, ಉಗುರು, ಚರ್ಮ ಗುರುತು ಹಿಡಿಯುವ ತರಬೇತಿಗೆ ಯಾರಾದರೂ ಒಬ್ಬರು ಹೋಗಬೇಕು. ಉಳಿದವರೆಲ್ಲ ಅದೇ ವಾರ ರಜೆ ಹಾಕಿದರು. ನಾನು ಹೋಗಿ ಬಂದೆ. ಅಂದಿನಿಂದ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲಿ ಕೊಂಬು ಸಿಕ್ಕರೂ ನಮ್ಮ ಫಾರೆಸ್ಟರ್ ಸಾಹೇಬರ ಫೋನು ಬರುತ್ತದೆ. "ಮೇಡಂ, ಒಂಚೂರು ಬಂದು ಹೋಗ್ತೀರೇನ್ರಿ?" ಒಳ್ಳೆಯ ಮನುಷ್ಯ, ದೊಡ್ಡ ಮೀಸೆ. ಆದರೆ ಫೋನಿನಲ್ಲಿ ಅವರ ದನಿ ಯಾವಾಗಲೂ ಬಣವೆಗೆ ಬೆಂಕಿ ಬಿದ್ದವರ ಹಾಗೆ ಇರುತ್ತದೆ.

ನನ್ನ ವಿದ್ಯೆ ಬಹಳ ದೊಡ್ಡದೇನಲ್ಲ. ಕೊಂಬಿನಲ್ಲಿ ಎರಡು ಬಗೆ. ಎತ್ತು, ಎಮ್ಮೆ, ಆಡು, ನಮ್ಮ ಹೊಲಗಳಲ್ಲಿ ಜಿಗಿಯುವ ಚಿಗರಿ ಅಂದರೆ ಕೃಷ್ಣಮೃಗ, ಇವುಗಳದ್ದು ಒಂದು ಬಗೆ. ಒಳಗೆ ಎಲುಬು, ಮೇಲೆ ಉಗುರಿನಂಥ ಗಟ್ಟಿ ಚಿಪ್ಪು. ಒಮ್ಮೆ ಬಂದರೆ ಸಾಯುವ ತನಕ ಅದೇ. ಚುಕ್ಕಿ ಜಿಂಕೆ, ಕಡವೆಗಳದ್ದು ಇನ್ನೊಂದು ಬಗೆ. ಅದು ಟೊಂಗೆ ಒಡೆದ ಗಟ್ಟಿ ಎಲುಬು, ವರ್ಷಕ್ಕೊಮ್ಮೆ ತಾನೇ ಉದುರಿ ಹೊಸದಾಗಿ ಬೆಳೆಯುತ್ತದೆ. ಇಷ್ಟೇ. ಆದರೆ ಇಷ್ಟರ ಮೇಲೆ ಎದುರಿಗೆ ನಿಂತ ಮನುಷ್ಯ ಮನೆಗೆ ಹೋಗುತ್ತಾನೋ ಜೈಲಿಗೆ ಹೋಗುತ್ತಾನೋ ಅನ್ನುವುದು ತೀರ್ಮಾನವಾಗುತ್ತದೆ.

ಸುಟ್ಟ ವಾಸನೆ

ಇಂಡಿಯಲ್ಲಿ ಒಬ್ಬ ಲಿಂಬೆಹಣ್ಣಿನ ವ್ಯಾಪಾರಿ. ಅವರ ಪಡಸಾಲೆಯ ಗೋಡೆಗೆ ಟೊಂಗೆ ಟೊಂಗೆಯಾದ ಜೋಡಿ ಕೊಂಬು ಹಾಕಿದ್ದಾರೆ ಅಂತ ಯಾರೋ ಅರಣ್ಯ ಇಲಾಖೆಗೆ ಸುದ್ದಿ ಮುಟ್ಟಿಸಿದ್ದರು. ನಾವು ಹೋಗಿ ನೋಡಿದರೆ ಬಾಗಿಲ ತುಂಬ ಚಪ್ಪಲಿ. ಅವತ್ತೇ ಅವರ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದು ಕೂತಿದ್ದರು. ಕೈಯಲ್ಲಿ ಅವಲಕ್ಕಿ ಪ್ಲೇಟು ಹಿಡಿದವರು ಖಾಕಿ ಬಟ್ಟೆ ಕಂಡು ಹಾಗೆಯೇ ನಿಂತುಬಿಟ್ಟರು.

"ಪ್ಲಾಸ್ಟಿಕ್ ಐತ್ರಿ ಅದು," ಅಂದರು ವ್ಯಾಪಾರಿ. ಹಣೆಯ ಮೇಲಿನ ಬೆವರು ಮೂಗಿನ ತುದಿಗೆ ಬಂದಿತ್ತು. "ಸೋಲಾಪುರದಾಗ ತಂದದ್ದು. ದೇವರಾಣಿ ಪ್ಲಾಸ್ಟಿಕ್."

"ಎಲ್ಲಾರೂ ಹಂಗ ಅಂತಾರ," ಅಂದರು ಫಾರೆಸ್ಟರ್ ಸಾಹೇಬರು.

ಕೊಂಬನ್ನು ಇಳಿಸಿ ಟೀಪಾಯಿಯ ಮೇಲೆ ಇಟ್ಟೆವು. ಮೇಲೆ ದಪ್ಪಗೆ ಬಣ್ಣ ಬಳಿದಿದ್ದರು, ಕಣ್ಣಿಗೆ ಏನೂ ತಿಳಿಯಲಿಲ್ಲ. ಕಾಯಿಸಿದ ಸೂಜಿ ಚುಚ್ಚಿ ನೋಡುತ್ತೇನೆ ಅಂದೆ. ಪ್ಲಾಸ್ಟಿಕ್ ಆದರೆ ಬಕೆಟ್ ಕರಗಿದ ವಾಸನೆ ಬರುತ್ತದೆ, ಪ್ರಾಣಿಯದಾದರೆ ಕೂದಲು ಸುಟ್ಟಂಥ ವಾಸನೆ. ಕೇಳಿದ ಕೂಡಲೇ ಗಂಡಿನ ಕಡೆಯ ಹಿರಿಯರೊಬ್ಬರು ಪ್ಲೇಟು ಕೆಳಗಿಟ್ಟರು. ಮೂಸುವಾಗ ಒಗ್ಗರಣೆಯ ವಾಸನೆ ಅಡ್ಡ ಬರಬಾರದಲ್ಲ.

ಮೇಣದಬತ್ತಿ ಹಚ್ಚಿದರು. ಸಾಹೇಬರು ಇಕ್ಕಳದಲ್ಲಿ ಸೂಜಿ ಹಿಡಿದು ಕಾಯಿಸಿ ಕೊಟ್ಟರು. ನಾನು ಕೊಂಬಿನ ಬುಡಕ್ಕೆ ಸೂಜಿ ಒತ್ತಿದೆ. ಎಲ್ಲರೂ ಬಗ್ಗಿದರು. ಒಳಗಿನ ಬಾಗಿಲಲ್ಲಿ ಸೀರೆ ಉಟ್ಟು ನಿಂತ ಹುಡುಗಿ ಕಣ್ಣು ಮುಚ್ಚಿಕೊಂಡಳು.

ಬಂತು. ಕೂದಲು ಸುಟ್ಟ ವಾಸನೆ. ಘಾಟು ಮೂಗಿಗೆ ಬಡಿಯುವ ಹಾಗೆ.

ವ್ಯಾಪಾರಿ "ಯಪ್ಪಾ" ಅಂತ ಗೋಡೆ ಹಿಡಿದು ಕುಸಿದು ಕೂತರು. ಗಂಡಿನ ಕಡೆಯವರು ಚಪ್ಪಲಿಯ ಕಡೆ ನೋಡತೊಡಗಿದರು. ನಾನು ಮಾತ್ರ ಕೊಂಬನ್ನೇ ನೋಡುತ್ತಿದ್ದೆ, ಯಾಕೆಂದರೆ ಸೂಜಿ ಹೋದಲ್ಲಿ ಅದು ಬೆಣ್ಣೆಯ ಹಾಗೆ ಕರಗುತ್ತಿತ್ತು. ಎಲುಬು ಹಾಗೆ ಕರಗುವುದಿಲ್ಲ. ಮತ್ತೆ ಈ ವಾಸನೆ ಎಲ್ಲಿಂದ?

ಅಷ್ಟರಲ್ಲಿ ವ್ಯಾಪಾರಿಯ ಹೆಂಡತಿ ಕೂಗಿದರು. "ಅಯ್ಯ ಬಾಯಾರ, ಅಲ್ಲಿ ನೋಡ್ರಿ! ಸಾಹೇಬ್ರ ಮೀಸಿ!"

ಬಗ್ಗಿ ಮೂಸುವ ಭರದಲ್ಲಿ ಸಾಹೇಬರು ತಮ್ಮ ಮೀಸೆಯ ಎಡದ ತುದಿಯನ್ನು ಮೇಣದಬತ್ತಿಗೆ ಒಪ್ಪಿಸಿಬಿಟ್ಟಿದ್ದರು. ಒಂದು ತಂಬಿಗೆ ನೀರು ಸುರಿದ ಮೇಲೆ ಪಡಸಾಲೆಯಲ್ಲಿ ಉಳಿದದ್ದು ಬಕೆಟ್ ಕರಗಿದ ವಾಸನೆ ಮಾತ್ರ. ವ್ಯಾಪಾರಿ ಎದ್ದು ನಿಂತು, ಧೋತರ ಕೊಡವಿಕೊಂಡು, ಗಂಡಿನ ಕಡೆಯವರಿಗೂ ಕೇಳುವಂತೆ ಹೇಳಿದರು:

"ಬರಕೊಳ್ರಿ ಮೇಡಂ. ಕೋಡು ಪ್ಲಾಸ್ಟಿಕ್. ಮೀಸಿ ಖರೇದು."

ಯಾರದೂ ಅಲ್ಲದ ಚೀಲ

ನಾಲತವಾಡದಿಂದ ಮುದ್ದೇಬಿಹಾಳಕ್ಕೆ ಬರುತ್ತಿದ್ದ ಬಸ್ಸು ಬಸ್ ಸ್ಟ್ಯಾಂಡಿಗೆ ಹೋಗದೆ ನೆಟ್ಟಗೆ ಪೊಲೀಸ್ ಸ್ಟೇಷನ್ನಿಗೆ ಬಂದು ನಿಂತಿತ್ತು. ನನಗೆ ಫೋನು ಬಂದು ನಾನು ತಲುಪುವಷ್ಟರಲ್ಲಿ ಪ್ರಯಾಣಿಕರನ್ನೆಲ್ಲ ಇಳಿಸಿ ಬೇವಿನ ಗಿಡದ ಕೆಳಗೆ ಕೂಡಿಸಿದ್ದರು. ಕಟ್ಟೆಯ ಮೇಲೆ ಒಂದು ಗೋಣಿಚೀಲ. ಅದರ ಸುತ್ತ ಸುಣ್ಣದಿಂದ ಗೆರೆ. ಗೆರೆಯ ಹೊರಗೆ ಕೈಕಟ್ಟಿಕೊಂಡು ಇಬ್ಬರು ಪೇದೆಗಳು. ಚೀಲ ಹರಿದು ಎರಡು ಕರಿ ಕೊಂಬಿನ ತುದಿಗಳು ಹೊರಗೆ ಬಂದಿದ್ದವು.

ಹಿಂದಿನ ಸೀಟಿನ ಕೆಳಗೆ ಅದನ್ನು ಕಂಡವನು ಕಂಡಕ್ಟರ್. "ಚಿಗರಿ ಕೋಡ್ರಿ ಮೇಡಂ," ಅಂದ ಅವನು, ಇನ್ನೂ ಏದುಸಿರು ಬಿಡುತ್ತಾ. "ಬೇಟೆ ಗ್ಯಾಂಗ್ ನನ್ನ ಗಾಡ್ಯಾಗ ಐತಿ. ಇಷ್ಟ್ ಮಂದ್ಯಾಗ ಯಾರು ಅಂತ ಹ್ಯಾಂಗ ಹೇಳ್ಲಿ?"

ಪಿಎಸ್‌ಐ ಪ್ರತಿಯೊಬ್ಬರನ್ನೂ ಕೇಳಿದ್ದರು. ಕೋಡು ಯಾರದು? ಯಾರದೂ ಅಲ್ಲ. ಒಬ್ಬ ಪೇದೆ ಬಂದೂಕು ತಂದು ಗೇಟಿಗೆ ನಿಂತಿದ್ದ. ಚಿಗರಿ ಕೊಂದ ಕೇಸೆಂದರೆ ಜಾಮೀನು ಸಿಗುವುದೇ ಕಷ್ಟ. ಗಿಡದ ಕೆಳಗೆ ಕೂತವರು ಒಬ್ಬರ ಮುಖ ಒಬ್ಬರು ಸಂಶಯದಿಂದ ನೋಡುತ್ತಿದ್ದರು. ಒಂದೇ ಸೀಟಿನಲ್ಲಿ ಕೂತು ಬಂದವರು ಈಗ ನಡುವೆ ಮಾರು ಜಾಗ ಬಿಟ್ಟಿದ್ದರು.

ನಾನು ಕೈಗವಸು ಹಾಕಿಕೊಂಡು ಗೆರೆ ದಾಟಿದೆ. ಗಂಡು ಚಿಗರಿಯ ಕೊಂಬು ಹುರಿ ಹೊಸೆದ ಹಾಗೆ ತಿರುವಿಕೊಂಡಿರುತ್ತದೆ, ಬಳೆ ಜೋಡಿಸಿದ ಹಾಗೆ ಸುತ್ತಲೂ ಉಂಗುರಗಳಿರುತ್ತವೆ. ಇಲ್ಲಿ ತಿರುವು ಸ್ವಲ್ಪ ಇತ್ತು, ಉಂಗುರ ಸರಿಯಾಗಿ ಕಾಣಲಿಲ್ಲ. ತುದಿ ಮುಟ್ಟಿದೆ, ತಣ್ಣಗಿತ್ತು. ಹರಿದ ಸಂದಿನಲ್ಲಿ ಬೆರಳು ಇಳಿಸಿ ಬುಡ ಮುಟ್ಟಿದೆ. ಕೈ ಥಟ್ಟನೆ ಹಿಂದಕ್ಕೆ ಬಂತು.

ಬೆಚ್ಚಗಿತ್ತು.

"ಏನಾತ್ರಿ ಮೇಡಂ?" ಪಿಎಸ್‌ಐ ಪೆನ್ನು ತೆಗೆದು ನಿಂತರು. "ಎಫ್‌ಐಆರ್‌ಗೆ ಬೇಕು. ಸತ್ತು ಎಷ್ಟ್ ದಿನ ಆಗಿರಬಹುದು?"

ಕೊಂಬಿನ ಚಿಪ್ಪಿನೊಳಗೆ ಎಲುಬಿರುತ್ತದೆ, ಎಲುಬಿನ ಸುತ್ತ ರಕ್ತ ಓಡಾಡುತ್ತಿರುತ್ತದೆ. ಓಡಾಡುತ್ತಿರುವ ತನಕ ಬುಡ ಬೆಚ್ಚಗೇ ಇರುತ್ತದೆ. ನಾನು ಎದ್ದು ನಿಂತು ಹೇಳಿದೆ, "ಇನ್ನೂ ಸತ್ತಿಲ್ರಿ."

ಅದನ್ನೇ ಕಾಯುತ್ತಿದ್ದ ಹಾಗೆ ಚೀಲ "ಮ್ಯಾ" ಅಂತು. ಗೇಟಿನ ಪೇದೆ ಬಂದೂಕು ಎತ್ತಿದ. ಇನ್ನೊಬ್ಬ ಗೋಡೆ ಹತ್ತಿದ. ಬಾಯಿಕಟ್ಟು ಬಿಚ್ಚಿದರೆ ಒಳಗೆ ಒಂದು ಹೋತ, ಚೀಲದಲ್ಲಿ ಹಾಕಿದ್ದ ಶೇಂಗಾ ಹೊಟ್ಟು ತಿಂದು ಮುಗಿಸಿ, ಇನ್ನೂ ಬೇಕು ಅನ್ನುವ ಮುಖ ಮಾಡಿಕೊಂಡು ಕೂತಿತ್ತು.

ಗಿಡದ ಕೆಳಗಿನಿಂದ ಒಬ್ಬ ಮುದುಕ ಎದ್ದು ಬಂದ. "ನಂದ್ರಿ ಸಾಹೇಬ್ರ."

"ಇಷ್ಟೊತ್ತು ಬಾಯಿಗೆ ಏನಾಗಿತ್ತು ನಿನಗ?"

"ನೀವು ಕೋಡು ಯಾರದು ಅಂತ ಕೇಳಾಕತ್ತಿದ್ರಿ. ಹೋತ ಯಾರದು ಅಂತ ಯಾರ್ ಕೇಳಿದ್ರು?"

ಕಂಡಕ್ಟರನಿಗೆ ಗ್ಯಾಂಗಿನ ಹೆದರಿಕೆ ಹೋಗಿ ಸಿಟ್ಟು ಬಂತು. ಟಿಕೆಟ್ ಮಷೀನು ಎತ್ತಿಕೊಂಡು, "ಮೊದಲ ಇದರ ಟಿಕೆಟ್ ತಗಸು ಯಜ್ಜಾ," ಅಂದ.

ಮುದುಕ ಹೋತದ ಕಿವಿ ಹಿಡಿದುಕೊಂಡು ನಿಧಾನಕ್ಕೆ ಹೇಳಿದ. "ಅದು ಚೀಲದಾಗ ಇತ್ತೋ ತಮ್ಮಾ. ಕಿಡಕಿಯಾಗ ಏನೂ ನೋಡಿಲ್ಲ. ಅದಕ್ಕ್ಯಾತರ ಟಿಕೆಟ್ಟು?"

ಉದುರಿದ್ದು ಮತ್ತೆ ಬರುತ್ತದೆಯೇ

ಸಿಂದಗಿಯ ಕೋರ್ಟಿನಲ್ಲಿ ನಾನು ಸಾಕ್ಷಿ ಹೇಳಬೇಕಾಗಿತ್ತು. ಆರೋಪಿಯ ಹತ್ತಿರ ಚುಕ್ಕಿ ಜಿಂಕೆಯ ಕೊಂಬು ಸಿಕ್ಕಿತ್ತು. ಕಾಡಿನಲ್ಲಿ ಉದುರಿ ಬಿದ್ದಿತ್ತು, ಹೆಕ್ಕಿಕೊಂಡು ಬಂದೆ ಅನ್ನುವುದು ಅವನ ವಾದ. ಹಾಗೆ ಇಟ್ಟುಕೊಳ್ಳುವುದೂ ತಪ್ಪೇ, ಆದರೆ ಜಿಂಕೆ ಕೊಂದ ತಪ್ಪು ಅದಕ್ಕಿಂತ ದೊಡ್ಡದು. "ಮೇಡಂ, ಇಡೀ ಕೇಸು ನಿಮ್ಮ ಮ್ಯಾಲೆ ನಿಂತೈತಿ," ಅಂದಿದ್ದರು ಸರಕಾರಿ ವಕೀಲರು. ಆ ಮಾತು ಕೇಳಿದ ಮೇಲೆ ನನಗೆ ಕಾಲ ಮೇಲೆ ನಿಲ್ಲುವುದೇ ಕಷ್ಟವಾಗಿತ್ತು.

ಆರೋಪಿಯ ವಕೀಲರು ಆ ಕಡೆ ಹೆಸರುವಾಸಿ. ಗುಡುಗಿನಂಥ ದನಿ, ಕನ್ನಡಿಯ ಹಾಗೆ ಹೊಳೆಯುವ ಬೋಳುತಲೆ. ಸಾಕ್ಷಿಗಳು ಅವರ ಮುಂದೆ ತಮ್ಮ ಹೆಸರನ್ನೇ ತಪ್ಪಿ ಹೇಳುತ್ತಾರೆ ಅನ್ನುವ ಮಾತಿತ್ತು.

"ಡಾಕ್ಟರ್, ಜಿಂಕಿ ಕೋಡು ತಾನಾಗಿ ಉದುರತೈತಿ. ಹೌದೋ ಅಲ್ಲೋ?"

"ಹೌದ್ರಿ."

"ಅಂದ್ರ ನನ್ನ ಕಕ್ಷಿದಾರ ಹೇಳಿದ್ದು ಖರೆ."

"ಈ ಕೊಂಬು ಉದುರಿದ್ದಲ್ರಿ," ಅಂದೆ. "ತಾನಾಗಿ ಉದುರಿದರೆ ಬುಡದಲ್ಲಿ ಹೂವಿನಂಥ ಬಳೆ ಇರುತ್ತದೆ, ಅದರ ಕೆಳಗೆ ಸ್ವಲ್ಪ ಉಬ್ಬಿದ ತಳ. ಅಲ್ಲಿಗೆ ಮುಗಿಯಿತು. ಇದರಲ್ಲಿ ಬಳೆಯ ಕೆಳಗೆ ತಲೆಬುರುಡೆಯ ತುಂಡು ಹಾಗೇ ಅಂಟಿಕೊಂಡಿದೆ. ಗರಗಸದ ಗೆರೆಯೂ ಇದೆ. ಯಾವ ಜಿಂಕೆಯೂ ತಲೆಬುರುಡೆ ಉದುರಿಸಿ ನಡೆದುಕೊಂಡು ಹೋಗುವುದಿಲ್ಲ."

ಕೋರ್ಟಿನಲ್ಲಿ ಗುಸುಗುಸು ಆಯಿತು. ಆರೋಪಿ ತಲೆ ತಗ್ಗಿಸಿದ. ವಕೀಲರು ಮಾತ್ರ ಬಿಡಲಿಲ್ಲ. ನನ್ನ ವಿದ್ಯೆಯೇ ಸುಳ್ಳು ಅಂತ ತೋರಿಸಿದರೆ ಮಿಕ್ಕದ್ದೆಲ್ಲ ಬಿದ್ದುಹೋಗುತ್ತದಲ್ಲ. ಕಟಕಟೆಯ ಹತ್ತಿರ ಬಂದು ನಿಂತರು.

"ಇಷ್ಟ್ ದೊಡ್ಡ ಕೋಡು ವರ್ಷಾ ಉದುರತೈತಿ, ವರ್ಷಾ ಹುಟ್ಟತೈತಿ ಅಂತೀರಿ. ಇದನ್ನ ಯಾರರೇ ನಂಬ್ತಾರೇನು?" ಕರ್ಚೀಫು ತೆಗೆದು ನೆತ್ತಿ ಒರೆಸಿಕೊಂಡು, ಇಡೀ ಕೋರ್ಟಿಗೆ ತಿರುಗಿ ಗುಡುಗಿದರು. "ತಲಿ ಮ್ಯಾಲಿಂದು ಒಮ್ಮೆ ಉದುರಿದ ಮ್ಯಾಲ ಮತ್ತ ಬರತೈತೇನು?"

ಯಾರೂ ಯಾರ ಮುಖವನ್ನೂ ನೋಡಲಿಲ್ಲ, ನೋಡಿದ್ದರೆ ಕೆಡುತ್ತಿತ್ತು. ನ್ಯಾಯಾಧೀಶರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬಹಳ ಗಂಭೀರವಾಗಿ ಹೇಳಿದರು:

"ವಕೀಲರೇ, ಸಾಕ್ಷಿ ಹೇಳುತ್ತಿರುವುದು ಜಿಂಕೆಯ ವಿಷಯ. ಸ್ವಂತ ಅನುಭವವನ್ನು ನಡುವೆ ತರಬೇಡಿ."

ಆರೋಪಿಗೆ ಶಿಕ್ಷೆಯಾಯಿತು.

ಜಿಂಕೆಯ ಗುಳಿಗೆ

ಕೋರ್ಟಿನ ಸುದ್ದಿ ಊರೂರು ತಿರುಗಿತು. ಸ್ವಲ್ಪ ದಿನಕ್ಕೆ ಮುಳವಾಡದ ಕಡೆಯ ಒಬ್ಬ ರೈತ ಎತ್ತು ಹೊಡೆದುಕೊಂಡು ಬಂದ. ಗೇಟಿಗೆ ಸಿಕ್ಕಿಕೊಂಡು ಅದರ ಒಂದು ಕೊಂಬಿನ ಚಿಪ್ಪು ಕಳಚಿತ್ತು. ರಕ್ತ ಕಣ್ಣಿಗೆ ಇಳಿಯುತ್ತಿತ್ತು, ನೋವಿಗೆ ಎತ್ತು ಹತ್ತಿರ ಬಂದವರನ್ನೆಲ್ಲ ಹಾಯುತ್ತಿತ್ತು. ನಾಲ್ಕು ಜನ ಹಗ್ಗ ಹಿಡಿದು, ನಾನು ಮದ್ದು ಕೊಟ್ಟು, ರಕ್ತ ನಿಲ್ಲಿಸಿ ಪಟ್ಟಿ ಕಟ್ಟುವ ತನಕ ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆವು.

"ಇನ್ನ ಕೋಡು ಯಾವಾಗ ಬರತೈತ್ರಿ ಮೇಡಂ?" ಅಂತ ಕೇಳಿದ ರೈತ.

"ಮೊದಲಿನಂಗ ಬರೂದಿಲ್ಲೋ ಯಣ್ಣಾ. ಒಳಗಿನ ಎಲುಬು ಗಟ್ಟಿ ಆಗತೈತಿ, ಅಷ್ಟ."

ಅವನ ಮುಖ ಕೆಟ್ಟಿತು. "ಸಿಂದಗಿ ಕೋರ್ಟಿನ್ಯಾಗ ಉದುರಿದ ಕೋಡು ಮತ್ತ ಬರತಾವು ಅಂತ ಪ್ರಮಾಣ ಮಾಡಿ ಹೇಳೀರಂತ. ಇಡೀ ಊರಿಗೆ ಗೊತ್ತೈತಿ."

"ಅದು ಜಿಂಕಿದು."

ಅವನು ಎತ್ತಿನ ಬೆನ್ನು ಸವರಿದ. ಆಮೇಲೆ ನನಗೊಬ್ಬಳಿಗೇ ಕೇಳುವಂತೆ ಹೇಳಿದ. "ಹಂಗಾದ್ರ ಆ ಜಿಂಕಿಗೆ ಯಾವ ಗುಳಿಗಿ ಕೊಟ್ಟಿದ್ರಿ, ಅದನ್ನ ಬರದು ಕೊಡ್ರಲ್ಲ."

ನರಿಕೊಂಬು

ಇದು ಬಸವನ ಬಾಗೇವಾಡಿಯ ಹತ್ತಿರದ ಒಂದು ಹಳ್ಳಿಯದು. ಊರಿನ ಸಾಹುಕಾರರು ಪಂಚಾಯಿತಿ ಚುನಾವಣೆಯಲ್ಲಿ ಆರಿಸಿ ಬಂದಿದ್ದರು. ತಮ್ಮ ಮನೆಯಲ್ಲಿರುವ ನರಿಕೊಂಬಿನ ಬಲದಿಂದಲೇ ಗೆದ್ದೆ ಅಂತ ಹೇಳಿಕೊಂಡು, ಅದರ ಫೋಟೋವನ್ನು ಮೊಬೈಲಿನ ಸ್ಟೇಟಸ್ಸಿಗೂ ಹಾಕಿದ್ದರು. ಅವರ ವಿರುದ್ಧ ನಿಂತು ಸೋತವರು ಆ ಫೋಟೋ ಸಮೇತ ಇಲಾಖೆಗೆ ದೂರು ಕೊಟ್ಟರು. ನರಿ ಕೊಂದಾರ, ಒಳಗ ಹಾಕ್ರಿ.

ನಾವು ಹೋದಾಗ ಸಾಹುಕಾರರ ಮನೆಯ ಮುಂದೆ ಅವರ ಕಡೆಯ ಮಂದಿ ಗುಂಪಾಗಿ ನಿಂತಿದ್ದರು. ಕೆಲವರ ಕೈಯಲ್ಲಿ ಬಡಿಗೆ. "ದೇವರ ಜಗಲಿ ಮ್ಯಾಲಿನ ಸಾಮಾನಿಗೆ ಕೈ ಹಚ್ಚಿದ್ರ ಸುಮ್ಮನಿರೂದಿಲ್ಲ," ಅಂತ ಒಬ್ಬ ಜೀಪಿನ ಬಾನೆಟ್ ಬಡಿದ. ರಸ್ತೆಯ ಆಚೆ ಬದಿಗೆ ಸೋತವರು, ಅವರ ಮಂದಿ. ನಡುವೆ ನಾವು ಮೂವರು: ಫಾರೆಸ್ಟರ್ ಸಾಹೇಬರು, ಜೀಪಿನ ಡ್ರೈವರು, ನಾನು. ಡ್ರೈವರು ಎಂಜಿನ್ ಆರಿಸಲೇ ಇಲ್ಲ.

ಅದೃಷ್ಟಕ್ಕೆ ಪೊಲೀಸರು ಅದನ್ನು ಮಾರಿದವನನ್ನೂ ಬಸ್ ಸ್ಟ್ಯಾಂಡಿನಲ್ಲಿ ಹಿಡಿದು ಕರೆತಂದರು. ಊರೂರು ತಿರುಗಿ ಬೇರು, ತಾಯತ ಮಾರುವ ತೆಳ್ಳನೆಯ ಮನುಷ್ಯ.

ಸಾಹುಕಾರರು ಕುಂಕುಮ ತುಂಬಿದ ಬೆಳ್ಳಿ ಡಬ್ಬಿ ತಂದು ಮುಚ್ಚಳ ತೆಗೆದರು. ಒಳಗೆ ಹೆಬ್ಬೆರಳ ತುದಿಯಷ್ಟು ದೊಡ್ಡ, ಕೂದಲು ಇರುವ ಒಂದು ಕರಿ ಮೊನೆ.

"ಒರಿಜಿನಲ್ ಐತಿ," ಅಂದರು ಎದೆಯುಬ್ಬಿಸಿ. "ನರಿರಾಜನ ತಲಿ ಮ್ಯಾಲಿಂದು."

"ಒರಿಜಿನಲ್ ಇದ್ರ ನಿಮ್ಮನ್ನ ಕರಕೊಂಡು ಹೋಗಬೇಕಾಗತೈತ್ರಿ ಸಾಹುಕಾರ್ರ," ಅಂದರು ಫಾರೆಸ್ಟರ್ ಸಾಹೇಬರು. ನಂತರ ಮಾರಿದವನ ಕಡೆ ತಿರುಗಿ, "ನಿನ್ನನ್ನೂ."

ಮಾರಿದವನು ಅಲ್ಲಿಯೇ ಕಾಲು ಹಿಡಿದ. "ಡೂಪ್ಲಿಕೇಟ್ ಐತ್ರಿ ಯಪ್ಪಾ! ನೂರಕ್ಕ ನೂರು ಡೂಪ್ಲಿಕೇಟ್! ನನ್ನ ಕೈಯಾರೆ ಮಾಡೇನಿ!"

"ಏನಂದಿ?" ಸಾಹುಕಾರರ ಕಣ್ಣು ಕೆಂಪಾದವು. "ಕೊಡೂವಾಗ ಗ್ಯಾರಂಟಿ ಅಂದಿದ್ದಿ!"

"ಡೂಪ್ಲಿಕೇಟ್ ಅಂತ ಈಗ ಗ್ಯಾರಂಟಿ ಕೊಡ್ತೇನ್ರಿ!"

ಬಡಿಗೆಗಳು ಮೇಲೆದ್ದವು. ಮಂದಿ ಮುಂದೆ ನುಗ್ಗಿದರು. ಆ ಮನುಷ್ಯ ನನ್ನ ಬೆನ್ನ ಹಿಂದೆ ಬಂದು ನಿಂತುಕೊಂಡು ಕೂಗಿದ. "ಹೊಡೀಬ್ಯಾಡ್ರಿ, ಒಂದ್ ಮಾತ ಕೇಳ್ರಿ! ಒರಿಜಿನಲ್ ಆದ್ರ ಸಾಹುಕಾರ್ರು ಜೈಲಿಗೆ ಹೋಗ್ತಾರ, ಡೂಪ್ಲಿಕೇಟ್ ಆದ್ರ ಮನ್ಯಾಗ ಇರ್ತಾರ. ನಾ ಏನ್ ಅನಬೇಕು, ನೀವ ಹೇಳ್ರಿ!"

ಬಡಿಗೆಗಳು ಗಾಳಿಯಲ್ಲೇ ನಿಂತವು. ಎಲ್ಲರೂ ನನ್ನ ಕಡೆ ನೋಡಿದರು. ಸೋತವರ ಕಡೆಯವರಿಗೆ ಒರಿಜಿನಲ್ ಅನ್ನುವ ಉತ್ತರ ಬೇಕಾಗಿತ್ತು, ಸಾಹುಕಾರರ ಕಡೆಯವರಿಗೆ ಯಾವುದು ಬೇಕು ಅಂತ ಅವರಿಗೇ ತಿಳಿದಿರಲಿಲ್ಲ. ನಾನು ಜೀಪಿನ ಬಾನೆಟ್ ಮೇಲೆ ಬಿಳಿ ಹಾಳೆ ಹಾಸಿ, ಕುಂಕುಮ ಒರೆಸಿ, ಭೂತಗನ್ನಡಿ ಹಿಡಿದೆ. ಮೊದಲು ನನ್ನ ಹೆಬ್ಬೆರಳೇ ಕಂಡಿತು.

ಕೊಂಬು ಅಂದರೆ ಒಳಗೆ ಎಲುಬು ಇರಬೇಕು, ತಲೆಬುರುಡೆಗೆ ಕೂತ ಗುರುತು ಇರಬೇಕು. ಇದರ ತಳದಲ್ಲಿ ಅಂಟು ಇತ್ತು. ಚಿಮುಟದಿಂದ ಅಂಚು ಎತ್ತಿದೆ. ಕೂದಲಿನ ಚರ್ಮದ ತುಂಡನ್ನು ಕಟ್ಟಿಗೆಯ ಮೊನೆಗೆ ಸುತ್ತಿ ಅಂಟಿಸಿದ್ದರು.

"ನರಿಗೆ ಕೊಂಬೇ ಇರುವುದಿಲ್ಲ," ಅಂದೆ. "ಗಂಡಿಗೂ ಇಲ್ಲ, ಹೆಣ್ಣಿಗೂ ಇಲ್ಲ, ರಾಜನಿಗೂ ಇಲ್ಲ. ಇದು ಕಟ್ಟಿಗೆ. ಮೇಲಿನ ಚರ್ಮ ನೋಡಿದರೆ ಆಡಿನದು ಅನ್ನಿಸುತ್ತದೆ. ಖಾತ್ರಿಗೆ ಪ್ರಯೋಗಾಲಯಕ್ಕೆ ಕಳಿಸುತ್ತೇವೆ."

"ಆಡಿಂದ ಐತ್ರಿ ಬಾಯಾರ," ಅಂದ ಬೆನ್ನ ಹಿಂದಿನವನು, ಉಸಿರು ಬಂದವನ ಹಾಗೆ. "ನೋಡ್ರಿ, ಖರೇ ಕಲ್ತವರು ಅಂದ್ರ ಇವರು!"

ಗುಂಪಿನಲ್ಲಿ ಯಾರೋ ಒಬ್ಬ ಕಿಸಕ್ಕನೆ ನಕ್ಕ. ಬಡಿಗೆಗಳು ಒಂದೊಂದಾಗಿ ಕೆಳಗಿಳಿದವು. ಸಾಹುಕಾರರು ಡಬ್ಬಿಯ ಮುಚ್ಚಳ ಹಾಕಿ, ನನ್ನನ್ನು ಜೀಪಿನ ಮರೆಗೆ ಕರೆದರು. "ಮೇಡಂ, ಇಲಾಖಿಗೆ ಡೂಪ್ಲಿಕೇಟ್ ಅಂತ ಬರೀರಿ. ಊರಾಗ ಮಾತ್ರ ಒರಿಜಿನಲ್ ಅಂತ ಒಂದ್ ಮಾತ ಅಂದುಬಿಡ್ರಿ." ಆಗುವುದಿಲ್ಲ ಅಂದೆ. ಮೋಸ ಮಾಡಿದ ಅಂತ ಪೊಲೀಸರಿಗೆ ದೂರು ಕೊಡುತ್ತೀರಾ ಅಂತ ಕೇಳಿದರೆ, ಅದೂ ಬೇಡ ಅಂದರು. ಆಡಿನ ಚರ್ಮಕ್ಕೆ ದಿನಾ ಆರತಿ ಎತ್ತಿದೆ ಅಂತ ಸ್ಟೇಷನ್ನಿನಲ್ಲಿ ಬರೆಸುವುದು ಹೇಗೆ?

ಮಾರಿದವನನ್ನು ವಿಚಾರಣೆಗೆ ಅಂತ ಪೊಲೀಸರು ಸ್ಟೇಷನ್ನಿಗೆ ಕರೆದುಕೊಂಡು ಹೋದರು. ಹೊರಡಲು ಜೀಪು ಹತ್ತಿದೆ. ದೂರು ಕೊಟ್ಟ ಸೋತ ಮನುಷ್ಯ ಮಾತ್ರ ರಸ್ತೆಯ ಬದಿಗೆ ಒಬ್ಬನೇ ನಿಂತಿದ್ದ. ಪಾಪ, ಮುಖ ಸೋತು ಸುಣ್ಣವಾಗಿತ್ತು. ನಮ್ಮ ಜೀಪು ಹತ್ತಿರ ಬಂದಾಗ ಕೈ ಅಡ್ಡ ಹಿಡಿದು ನಿಲ್ಲಿಸಿದ. ಇನ್ನೊಂದು ಜಗಳ ಬಂತು ಅಂತ ಫಾರೆಸ್ಟರ್ ಸಾಹೇಬರು ಬಾಗಿಲು ಭದ್ರ ಮಾಡಿಕೊಂಡರು.

ಅವನು ಹಿಂದೆ ಮುಂದೆ ನೋಡಿ ಕಿಡಕಿಯೊಳಗೆ ತಲೆ ಹಾಕಿದ.

"ಮೇಡಂ, ಡೂಪ್ಲಿಕೇಟ್ ಇಟ್ಕೊಂಡ್ರ ಕೇಸ್ ಆಗೂದಿಲ್ಲ, ಹೌದಲ್ರಿ?"

"ಕಾಡುಪ್ರಾಣಿಯದು ಏನೂ ಇಲ್ಲದಿದ್ದರೆ ಆಗೂದಿಲ್ಲ."

"ಮತ್ತ ಡೂಪ್ಲಿಕೇಟ್ ಇದ್ರೂ ಅಂವ ಆರಿಸಿ ಬಂದ, ಹೌದಲ್ರಿ?"

"ಬಂದ್ರು."

"ಹಂಗಾದ್ರ," ಅಂದ ಅವನು ದನಿ ತಗ್ಗಿಸಿ, "ಆ ಮಾರೂವನ್ನ ಲಗೂನ ಬಿಡಸ್ರಿ. ನನಗೂ ಒಂದು ಬೇಕಾಗೈತಿ."